ಅಡ್ಡಹೆಸರು

ಭೋಸರಿಯ ಎರಡನೇ ಮಾಳಿಗೆ. ಕೆಳಗೆ ಲೇತ್ ಯಂತ್ರದ ಗರಗರ,
ಮೇಲೆ ನಾವು ಐದು ಮಂದಿ, ನೀರಿನ ಮೀಟರಿಗೆ ಬುದ್ಧಿ ಬರೆಯುವವರು.
ಮೊದಲ ದಿನವೇ ಕಾರಖಾನೀಸ ಬಾಯಿ ನನ್ನ ಬಿಲ್ಲೆ ಓದಿ ನಕ್ಕರು:
'ಉಳ್ಳಾಗಡ್ಡಿ? ಅಂದರೆ ಕಾಂದಾ?'
ಹೌದು ಬಾಯಿ. ನಮ್ಮ ಕಡೆ ಮೆಣಸಿನಕಾಯಿ ಇದ್ದಾರೆ, ಅಕ್ಕಿ ಇದ್ದಾರೆ,
ಬೆಲ್ಲದ ಅವರ ಮಗಳನ್ನು ಹುಣಸಿಕಟ್ಟಿಯವರಿಗೆ ಕೊಟ್ಟಿದ್ದೇವೆ.
ನಿಮ್ಮಲ್ಲಾದರೆ ಊರಿನ ಹಿಂದೊಂದು 'ಕರ್' ಹಚ್ಚಿದರೆ ಮುಗಿಯಿತು,
ಮನುಷ್ಯ ತಯಾರು.

ಕೋಡಿನಲ್ಲೂ ಅದೇ ಗೋಳು.
ಮೂವತ್ತೆರಡು ಬಿಟ್ಟಿನ ಬರೀ ಸಂಖ್ಯೆಗೆ ಒಂದು ಹೆಸರಿಟ್ಟು
ಹಿಂದೆ ಅಡಿಗೆರೆ, ಅದರ ಹಿಂದೆ ಟೀ ಅಕ್ಷರ:
ನೋಡಿದವರಿಗೆ ತಿಳಿಯಲಿ, ಇದು ವಸ್ತುವಲ್ಲ, ವಸ್ತುವಿನ ಬಗೆ.
ಟೀ ಎಂದಾಗಲೆಲ್ಲ ಅಮೃತತುಲ್ಯದ ಹುಡುಗ ಬಾಗಿಲಲ್ಲಿ ಇಣುಕುತ್ತಾನೆ.
'ಆ ಬಾಲ ನಮ್ಮದಲ್ಲ,' ಎಂದರು ಬಾಯಿ, 'ಹಿರಿಯರು ಮೀಸಲಿಟ್ಟುಕೊಂಡದ್ದು.
ನಾಳೆ ಅವರ ಮನೆಯಲ್ಲಿ ಅದೇ ಹೆಸರಿನ ಕೂಸು ಹುಟ್ಟಿದರೆ
ನಿನ್ನದನ್ನು ಎಲ್ಲಿಡುತ್ತೀ?'
ಹತ್ತು ಸಾವಿರ ಸಾಲಿನಲ್ಲಿ ಬಾಲ ಕತ್ತರಿಸುತ್ತ ಕೂತೆ, ಶನಿವಾರ ಇಡೀ.

ಪಕ್ಕದ ಮೇಜಿನ ಪ್ರಜ್ಯೋತ್ ಮಾತ್ರ ಏನೂ ಅನ್ನಲಿಲ್ಲ.
ಅವನ ಬಿಲ್ಲೆಯಲ್ಲಿ ಹೆಸರೊಂದೇ. ಹಿಂದೆ ಏನೂ ಇಲ್ಲ.
ಸಂಬಳದ ಫಾರ್ಮು ಖಾಲಿ ಚೌಕ ಒಪ್ಪುವುದಿಲ್ಲವೆಂದು
ಅಲ್ಲೊಂದು ಚುಕ್ಕೆ ಇಟ್ಟಿದ್ದಾನೆ.
ಬ್ಯಾಂಕಿನ ಕಾಗದ ಈಗಲೂ ಬರುತ್ತದಂತೆ, ಶ್ರೀಯುತ ಪ್ರಜ್ಯೋತ್ ಡಾಟ್ ಅವರಿಗೆ.
'ಟೈಪಿಗೆ ಕನ್ನಡದಲ್ಲಿ ಏನಂತೀರಿ?' ಒಮ್ಮೆ ಕೇಳಿದ.
ಜಾತಿ ಎಂಬುದು ನಾಲಿಗೆಯ ತುದಿಗೆ ಬಂದಿತ್ತು.
ನಮೂನೆ, ಅಂದೆ.

ಆಮೇಲೆ ಕಾಸರವಾಡಿಯ ಆ ರಾತ್ರಿ.
ಕವಾಟ ಎಷ್ಟು ಹೊತ್ತು ತೆರೆದಿರಬೇಕೆಂದು ನಾನು ಬರೆದದ್ದು
ಮಿಲಿಸೆಕೆಂಡಿನಲ್ಲಿ. ಆಚೆ ಕಡೆಯ ಕೋಡು ಓದಿದ್ದು ಸೆಕೆಂಡಿನಲ್ಲಿ.
ಎರಡಕ್ಕೂ ಹೆಸರು ಒಂದೇ, 'ಹೊತ್ತು'.
ಕಂಪೈಲರು ತುಟಿ ಬಿಚ್ಚಲಿಲ್ಲ.
ಎಂಟು ಸೆಕೆಂಡಿಗೆ ಮುಚ್ಚಬೇಕಾದ ನೀರು
ಎರಡು ತಾಸು ಹದಿಮೂರು ನಿಮಿಷ ಹರಿಯಿತು.
ಚಾಳಿನ ಹೆಂಗಸರು ಎದ್ದು ಬಂದು ತುಂಬಿಕೊಂಡರು,
ಕೊಡ, ಹಂಡೆ, ಕುಕ್ಕರು, ಕೂಸಿನ ಟಬ್ಬು,
ಯಾರದೋ ಮದುವೆಯ ಬಾಡಿಗೆ ಪಾತ್ರೆ.
ಒಬ್ಬರೂ ದೂರು ಕೊಡಲಿಲ್ಲ. ಮೀಟರೇ ಕೊಟ್ಟಿತು.

ಬೆಳಿಗ್ಗೆ ಬೈಗುಳಕ್ಕೆ ಕಾದು ಕೂತಿದ್ದೆ.
ಪ್ರಜ್ಯೋತ್ ಕುರ್ಚಿ ಎಳೆದುಕೊಂಡು ಬಂದ,
ಪುಟ್ಟ ಡಬ್ಬಿ ಎರಡು ಮಾಡಿದ, ಒಂದೊಂದರಲ್ಲೂ ಅದೇ ಬರೀ ಸಂಖ್ಯೆ,
ಮುಚ್ಚಳದ ಮೇಲೆ ಮಾತ್ರ ಬೇರೆ ಬೇರೆ: ಸೆಕೆಂಡು, ಮಿಲಿಸೆಕೆಂಡು.
ಇದರ ಜಾಗದಲ್ಲಿ ಅದನ್ನಿಟ್ಟರೆ ಈಗ ಕಂಪೈಲರು ಬೀದಿರಂಪ ಮಾಡುತ್ತದೆ.
'ಎಲ್ಲಿಂದ ಬಂತು ಅಂತ ಹೆಸರು ಹೇಳೋದು ಬೇಡ,' ಎಂದ,
'ಒಳಗೆ ಎಷ್ಟಿದೆ ಅಂತ ಹೇಳಿದರೆ ಸಾಕು.'

ತಿದ್ದುಪಡಿಯ ಕೆಳಗೆ ಇಬ್ಬರೂ ಸಹಿ ಹಾಕಿದೆವು.
ಯಂತ್ರ ಎರಡನ್ನೂ ಒಂದೇ ಸಾಲಿಗೆ ತಂದಿತು:
ಪ್ರಜ್ಯೋತ್ . ಉಳ್ಳಾಗಡ್ಡಿ
ಬಾಯಿ ಕನ್ನಡಕ ಏರಿಸಿ ಪರದೆ ನೋಡಿದರು,
ಯಾರಿವನು, ಎಂದರು, ಹೊಸಬನೇ?