ಗಿಡ್ಡ ಎಳೆ

ಆಮ್ಲವನ್ನೂ ಅಮೀನನ್ನೂ ಸುಮ್ಮನೆ ಬೆರೆಸಿದರೆ
ಉಪ್ಪಾಗಿ ಕೂತುಬಿಡುತ್ತವೆ,
ಹರಿಹರದ ಬಸ್ಸಿಗೆ ಕಾಯುತ್ತ ಒಂದೇ ಬೆಂಚಿನಲ್ಲಿ
ಹೆಸರು ಕೇಳದೆ ಕೂತ ಇಬ್ಬರ ಹಾಗೆ.

ಅದಕ್ಕೇ ಡಿಸಿಸಿ.
ಮೂವತ್ನಾಲ್ಕಕ್ಕೆ ಕರಗುವ ಗಟ್ಟಿ, ಎನ್ನುತ್ತದೆ ಬಾಟಲಿ.
ದಾವಣಗೆರೆಯ ಏಪ್ರಿಲ್ಲಿಗೆ ಅದು ಗೊತ್ತಿಲ್ಲ:
ಬೆಳಿಗ್ಗೆ ಹತ್ತಕ್ಕೇ ಕೊಬ್ಬರಿ ಎಣ್ಣೆ.
ಚಮಚ ಬಿಟ್ಟು ಪಿಪೆಟ್ಟು ಹಿಡಿಯುತ್ತೇನೆ.

"ಹಾಟು ತರಿಸೋಣವೇ ಸಾರ್?" ಎಂದಿದ್ದೆ ಒಮ್ಮೆ.
ಕನ್ನಡಕ ತೆಗೆದು ಒರೆಸಿದರು.
"ಗ್ರಾಮಿಗೆ ಹದಿನೈದು ಬೆಣ್ಣೆದೋಸೆ, ತಸ್ಲೀಮಾ."

ಐಸು ಲಸ್ಸಿ ಅಂಗಡಿಯದು.
ಗೋಣಿಯಲ್ಲಿ ಸುತ್ತಿ ಸೈಕಲ್ಲಿನ ಮೇಲೆ ತರುತ್ತಾರೆ ಕೊಟ್ರಪ್ಪ,
ಅರ್ಧ ದಾರಿಗೆ, ಅರ್ಧ ನನಗೆ.
ಸೊನ್ನೆಯಲ್ಲಿ ಆಮ್ಲ. ಹನಿ ಹನಿ ಡಿಸಿಸಿ.
ಜಪ್ಪಯ್ಯ ಅಂದರೂ ಬಿಡದ ಆಕ್ಸಿಜನ್ನು
ಈಗ ಹೊರಡಲು ಚಪ್ಪಲಿ ಮೆಟ್ಟಿದೆ.
ಈ ಗಳಿಗೆ ನಿಲ್ಲುವಂಥದಲ್ಲ.
ಅಮೀನು ತಡಮಾಡಿದರೆ
ತನ್ನೊಳಗೇ ಮಡಚಿಕೊಂಡು ಯಾರಿಗೂ ಸಿಗದಂತಾಗುತ್ತದೆ;
ಒಂದು ಚಿಟಿಕೆ ಎಚ್‌ಒಬಿಟಿ ಹಾಕಿ
ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತೇನೆ.

ರಾತ್ರಿಯಿಡೀ ತಿರುಗಿದ ಫ್ಲಾಸ್ಕಿನಲ್ಲಿ
ಬೆಳಿಗ್ಗೆ ಮಂಡಕ್ಕಿ ನುಚ್ಚಿನಂಥ ಬಿಳುಪು.
ಸೋಸಬೇಕು.
ಕೊಟ್ರಪ್ಪ ಹತ್ತಿಯ ಸುರುಳಿ ಬಿಚ್ಚುತ್ತಾರೆ.
ಹದಿನೇಳು ವರ್ಷ ಕಾಟನ್ ಮಿಲ್ಲಿನಲ್ಲಿ, ಕಾರ್ಡಿಂಗ್ ಖಾತೆ;
ಮಿಲ್ಲು ಮುಚ್ಚಿದ ಮೇಲೆ ಇಲ್ಲಿ, ಅಟೆಂಡರು.
ಆಲಿಕೆಯ ಕೊರಳಿಗೆ ಎಷ್ಟು ಬಿಗಿಯಾಗಿ ತುರುಕಬೇಕು
ಎಂಬುದು ನನ್ನ ಯಾವ ಪುಸ್ತಕದಲ್ಲೂ ಇಲ್ಲ.
"ಬಿಗಿಯಾದ್ರೆ ಉಸ್ರು ಕಟ್ತತಿ,
ಸಡ್ಲಾದ್ರೆ ಕಸ ದಾಟ್ತತಿ."

"ಈ ಬಿಳೇದು ಏನ್ರೀ ಮೇಡಂ?"
"ಒಂಥರಾ ಯೂರಿಯಾ. ನೀರು ಹೊತ್ತುಕೊಂಡ ಡಿಸಿಸಿ."
"ಹಂಗಾರೆ ನಮ್ಮ ಕರಿಬೇವಿಗೆ ಹಾಕ್ಲೇನು?"
ಬೇಡ ಎಂದೆ, ನಗುತ್ತ, ಕೆರೆಯುತ್ತ.

ಮೊಣಕೈತನಕ ಕೆಂಪು ದದ್ದು.
ಡಿಸಿಸಿಗೆ ಇಂಥದೇ ಆಮ್ಲವೆಂಬ ಭೇದವಿಲ್ಲ.
ಗ್ಲೌಸಿನ ತೂತಿನಲ್ಲಿ ನುಗ್ಗಿ
ನನ್ನ ಚರ್ಮದವನ್ನೂ ಎಬ್ಬಿಸಿ ಕೂರಿಸಿದೆ,
ಯಾರೊಂದಿಗೆ ಕಟ್ಟಬೇಕೆಂದು ಹೇಳದೆ.
ಸಾರ್ ನೋಡಿದರೆ ಬಾಟಲಿ ಬೇರೆಯವರ ಕೈಗೆ ಹೋಗುತ್ತದೆ.
ತೋಳು ಕೆಳಗೆಳೆದುಕೊಂಡೆ.

ಅಮೈಡು: ಶೇಕಡಾ ಅರವತ್ತೆರಡು. ಬರೆದುಕೊಂಡೆ.
ಯೂರಿಯಾದ ತೂಕಕ್ಕೆ ನಮ್ಮ ನೋಟ್‌ಬುಕ್ಕಿನಲ್ಲಿ ಕಾಲಮ್ಮಿಲ್ಲ.
ಕಿಟಕಿಯ ಬಳಿ ಕೊಟ್ರಪ್ಪ
ಮಿಕ್ಕ ಹತ್ತಿಯಿಂದ ಒಂದು ಎಳೆ ಹಿಂಜಿ
ಬೆಳಕಿಗೆ ಹಿಡಿದಿದ್ದರು.
"ವರಲಕ್ಷ್ಮಿ ಅಲ್ಲ ಬಿಡ್ರಿ ಇದು," ಅಂದರು,
ನನಗಲ್ಲ.
"ಗಿಡ್ಡ ಎಳೆ."