ಮಿಸ್ಸಿಂಗು

ಗುತ್ತಲು ರಸ್ತೆಯ ಶೆಡ್ಡಿನಲ್ಲಿ ಬಾನೆಟ್ಟು ಎತ್ತಿ
ಕೆಂಪಾಚಾರಿ ಮೊದಲು ಏನೂ ಮುಟ್ಟಲಿಲ್ಲ.
ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತ.
ಗಾಡಿ ಚಳಿಜ್ವರ ಬಂದಂತೆ ನಡುಗುತ್ತಿತ್ತು,
ಮೂರು ಹೆಜ್ಜೆ ಇಟ್ಟು ನಾಕನೆಯದು ಎಡವುವ ಸದ್ದು.

"ನೀರು ಬೆರೆತ ಪೆಟ್ರೋಲು," ಅಂದೆ.
"ಹೈವೇ ಬಂಕಿನ ಆ ಹುಡುಗ. ನೆನ್ನೆ ಜನರೆದುರೇ
ಸರಿಯಾಗಿ ಬೈದು ಬಂದಿದ್ದೀನಿ."
ಆಚಾರಿ ಉತ್ತರ ಕೊಡಲಿಲ್ಲ.

ಒಂದೊಂದೇ ಕಾಯಿಲಿನ ಪಿನ್ನು ಕಿತ್ತ.
ಒಂದು ಕಿತ್ತರೆ ಎಂಜಿನ್ನು ಕುಸಿಯಿತು. ಎರಡೂ ಹಾಗೇ.
ಮೂರು ಕಿತ್ತಾಗ ಏನೂ ಆಗಲಿಲ್ಲ,
ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.
"ಸಿಕ್ಕನಲ್ಲ ಕಳ್ಳ!"
"ತಡೀರಿ ಸಾ, ಸುಮ್ಕಿರೋರೆಲ್ಲ ಕಳ್ರಲ್ಲ."

ಮೂರರ ಕಾಯಿಲು ಎರಡಕ್ಕೆ, ಎರಡರದು ಮೂರಕ್ಕೆ.
ಈಗ ಮೂರನೆಯದು ನೆಟ್ಟಗೆ ನಡೆಯಿತು, ಎರಡನೆಯದು ಎಡವಿತು.
ನೀರು ಚಿಮುಕಿಸಿ ಶಟರ್ ಎಳೆದ:
ಕತ್ತಲಲ್ಲಿ, ಕೂದಲೆಳೆ ಬಿರುಕಿನಿಂದ
ನೀಲಿ ಕಿಡಿ ಹೊರಗೇ ಸೋರುತ್ತಿತ್ತು
ಒಳಗೆ ಕಾದು ಕೂತದ್ದಕ್ಕೆ ತಲುಪದೆ.

ಸಾವಿರದ ಎಂಟುನೂರು. ಬಿಲ್ಲಿಲ್ಲ. ಗಾಡಿ ಬೆಣ್ಣೆ.

ಕಬ್ಬಿನ ಲಾರಿಗಳ ಹಿಂದೆ ನಿಧಾನ ಬಂದು
ಬಂಕಿಗೆ ತಿರುಗಿಸಿದೆ, ಟ್ಯಾಂಕು ಮುಕ್ಕಾಲು ತುಂಬಿದ್ದರೂ.
ಅದೇ ಹುಡುಗ. ಗುರುತು ಹಿಡಿದ,
ಹಿಡಿಯದವನಂತೆ ಮುಚ್ಚಳ ತಿರುವಿದ.
ನನ್ನ ಗಂಟಲಲ್ಲಿ ಒಂದು ಮಾತು
ಹೊತ್ತಿಕೊಳ್ಳಲು ಹೋಗಿ, ಹೋಗಿ, ನಂದಿತು.
"ಎಷ್ಟಕ್ಕೆ?"
"ನೂರಕ್ಕೆ."
ಮೀಟರಿನತ್ತ ಬೆರಳು ತೋರಿದ:
"ಸೊನ್ನೆ ನೋಡ್ಕೊಳಿ ಸಾರ್."