ಆಕ್ರೋಟಿನ ತುಂಡು

ಶುಕ್ರವಾರ ನಮಾಜು ಮುಗಿದ ಮೇಲೆ ಖಲ್ಫಾನರ ಗಾಡಿ ಬರುತ್ತದೆ.
ಬಾಗಿಲಿಗೆ ಮೂರು ಬೀಗ. ಒಳಗೆ ಏಸಿಯ ತಣ್ಣಗಿನಲ್ಲಿ
ಗೋಡೆಗೊರಗಿದ ಹದಿನೇಳು ಕೋವಿಗಳು,
ಹೆಚ್ಚಿನವಕ್ಕೆ ಬೆನ್ನ ಮೇಲೆ ಗೂನು.
"ಆಚಾರ್, ತಾವೇ ತುಂಬಿಕೊಳ್ಳಲು ಕಲಿತ ಮೊದಲ ಪೀಳಿಗೆ ಇದು"
ಎನ್ನುತ್ತಾರೆ ಪ್ರತಿ ವಾರ,
ನಾನು ಇವತ್ತೇ ಬಂದವನೆಂಬಂತೆ.

ರಾಸ್ ಅಲ್ ಖೈಮಾದ ಅಳಿವೆಯ ಉಪ್ಪಿಗೆ
ಬೀಗದ ಲೆಕ್ಕವಿಲ್ಲ.
ಎಣ್ಣೆ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆ ಕೆಂಪು,
ಮರುವಾರ ಮತ್ತೆ ಕೆಂಪು.

ಅವರದೊಂದು ನೀಲಿ ಪುಸ್ತಕ: ನಂಬರು, ಇಸವಿ,
ಯಾರ ಕೈಯಿಂದ, ಎಷ್ಟಕ್ಕೆ.
ಒಂದರ ಮುಂದೆ ಬರೆದಿದೆ, "ಎರಡು ಒಂಟೆ, ಒಂದು ಜಗಳ."

ಬೆಲ್ಜಿಯಮ್ಮಿನದನ್ನು ಬಿಚ್ಚಿ ತೋರಿಸುತ್ತಾರೆ:
ಹೊಡೆದರೆ ನಳಿಗೆಯೇ ನಾಲ್ಕು ಬೆರಳು ಹಿಂದಕ್ಕೋಡುತ್ತದೆ,
ಬೋಲ್ಟನ್ನು ಅಪ್ಪಿಕೊಂಡು;
ಆಮೇಲೆ ತಾನೊಂದೇ ಮುಂದಕ್ಕೆ. ಖಾಲಿ ತೋಟೆ ಆಚೆಗೆ.
ಕೊನೆಗೆ ಬೋಲ್ಟು, ಹೊಸದೊಂದನ್ನು ದೂಡಿಕೊಂಡು.
"ಎರಡು ವರ್ಷಕ್ಕೊಮ್ಮೆ ನೀನು ಊರಿಗೆ ಹೋಗಿ ಬಂದ ಹಾಗೆ!"
ನಗುತ್ತಾರೆ. ನಾನೂ ನಗುತ್ತೇನೆ,
ಆಚೆ ಬಿದ್ದ ತೋಟೆ ಯಾರೆಂದು ಕೇಳದೆ.

ಸ್ಪ್ರಿಂಗಿಗೆ ಕಂಚಿನದೊಂದು, ಉಕ್ಕಿನದೊಂದು ಬಳೆ.
ಭಾರದ ತೋಟೆಗೆ ಉಕ್ಕಿನದು ಮುಂದೆ, ಹಗುರಕ್ಕೆ ಹಿಂದೆ.
ಮರೆತರೆ ಪೆಟ್ಟೆಲ್ಲ ಮರಕ್ಕೆ, ಮರ ಸೀಳು.
ಆ ಮರೆವಿನಲ್ಲೇ ನನ್ನ ಶುಕ್ರವಾರದ ಊಟ.

ಮೂಲೆಯದಕ್ಕೆ ಗೂನೂ ಇಲ್ಲ, ಎಳೆಯಲು ಗುಬುಟೂ ಇಲ್ಲ.
ಗುಬುಟಿನ ಹಕ್ಕು ಮೊದಲಿನವನ ಪೇಟೆಂಟಿನಲ್ಲಿತ್ತು;
ಎರಡನೆಯ ಕಂಪನಿ ನಳಿಗೆಗೇ ಗೀರು ಕೆತ್ತಿ
ಇಲ್ಲೇ ಹಿಡಿದು ಒತ್ತಿಕೊಳ್ಳಿ ಎಂದಿತು.
ತೇವಕ್ಕೆ ಕಾಗದದ ತೋಟೆ ಉಬ್ಬಿ ಸಿಕ್ಕಿಬಿದ್ದರೆ
ಬುಡವನ್ನು ನೆಲಕ್ಕೂರಿ,
ಬಾಯಿ ತನ್ನ ಕಡೆಗೇ ಇರಲು, ಒತ್ತುವುದು.

ನೀಲಿ ಪುಸ್ತಕದಲ್ಲಿ ಅದಕ್ಕೆ ಬೆಲೆಯಿಲ್ಲ.
ಚಿಕ್ಕಪ್ಪನ ಹೆಸರಿದೆ: ಮತರ್.
ಮತರ್ ಎಂದರೆ ಮಳೆ, ಎಂದರು ಒಮ್ಮೆ. ಮತ್ತೇನೂ ಹೇಳಲಿಲ್ಲ.

ಅದರ ಬುಡ ಒಡೆದಿತ್ತು.
ಯಾರೋ ಹಡಗಿನ ಸಾಗುವಾನಿ ಕೂರಿಸಿದ್ದಾರೆ,
ಮೊಳೆ ಹೊಡೆದ ತೂತು ಹಾಗೇ ಇದೆ;
ಅದರೊಳಗೆ ಇನ್ನೂ ಹಡಗಿನ ಎಣ್ಣೆಯ ನಾತ.
ದೋಹಾದಿಂದ ಬಂದ ಗಿರಾಕಿ ಹೇಳಿಹೋದ:
ಆಕ್ರೋಟು ಹಾಕಿಸಿ, ಬೆಲೆ ದುಪ್ಪಟ್ಟು.

ಹಾಗಾಗಿ ತುಂಡು ಕೊಯ್ದು ತಂದೆ. ಖಲ್ಫಾನರು ಕೈಯಲ್ಲಿ ತೂಗಿದರು,
ಬೆಳಕಿಗೆ ಹಿಡಿದರು,
"ಬಣ್ಣ ಸ್ವಲ್ಪ ಹಸಿ. ಇವತ್ತು ಬೇಡ."

ಚೀಲದಲ್ಲಿ ಆ ತುಂಡಿಗೆ ಈಗ ಮೂರು ವರ್ಷ.
ನಿನ್ನೆ ರಾತ್ರಿ ಕೋಣೆಯಲ್ಲಿ ತೆಗೆದು ನೋಡಿದೆ:
ಕಪ್ಪಾಗಿದೆ, ಕೂದಲೆಳೆ ವ್ಯತ್ಯಾಸವಿಲ್ಲ.
ಅವರಿಗೆ ಹೇಳಿಲ್ಲ.